ಹವಳದ ದಿಬ್ಬದ ಹತ್ತಿರ ವಾಚ್ (ಹಡಗು ನಡೆಸುವ ಕಾವಲು ಪಾಳಿ) ಮಾಡುವುದು ಹೇಗೆ? ನಮ್ಮ ಕಡೆಯ ಡೆಕ್ ಕ್ಯಾಡೆಟ್‌ಗಳಿಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಮರ್ಚೆಂಟ್ ನೇವಿಗೆ ಹೊರಟ ಹುಡುಗ ಹುಡುಗಿಯರು ಮೊದಲು ಕೇಳುವುದು ಬಿರುಗಾಳಿ ಬಗ್ಗೆ. ಆದರೆ ಎಂಜಿನ್, ಚುಕ್ಕಾಣಿ, ರೇಡಾರ್ ಎಲ್ಲ ಸರಿ ಇದ್ದಾಗಲೂ ಹಡಗುಗಳು ಹವಳದ ದಿಬ್ಬ ಹತ್ತಿ ಕೂತಿವೆ. ಕಾರಣ ಬ್ರಿಡ್ಜ್ ಮೇಲಿನ, ಅಂದರೆ ಹಡಗು ನಡೆಸುವ ಕೋಣೆಯಲ್ಲಿರುವ ಮನುಷ್ಯರ ಸಡಿಲತನ.

ಮೊದಲು ದಿಬ್ಬದ ಸ್ವಭಾವ ತಿಳಿಯಿರಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಗೋಡೆಗಳ ಹಾಗೆ ಅದೂ ಮೇಲಿಂದ ಕಾಣುವುದಿಲ್ಲ. ನೀರೊಳಗೆ ಇರುವುದನ್ನು ರೇಡಾರ್ ತೋರಿಸುವುದಿಲ್ಲ. ದಿಬ್ಬದ ಅಂಚು ಕಡಿದಾಗಿರುತ್ತದೆ, ಹಾಗಾಗಿ ಎಕೋ ಸೌಂಡರ್ (ಶಬ್ದ ಕಳಿಸಿ ಆಳ ಅಳೆಯುವ ಯಂತ್ರ) ಆಳ ಕಡಿಮೆ ಆಯ್ತು ಅಂತ ಹೇಳುವಷ್ಟರಲ್ಲಿ ತಡವಾಗಿರಬಹುದು. ಸೂರ್ಯ ಬೆನ್ನ ಹಿಂದೆ ಎತ್ತರದಲ್ಲಿದ್ದರೆ ನೀರಿನ ಬಣ್ಣ ತಿಳಿ ಹಸಿರಾಗುವುದು ಕಾಣುತ್ತದೆ. ಎದುರಿಗಿದ್ದರೆ ಅಥವಾ ರಾತ್ರಿಯಾದರೆ ಅದೂ ಇಲ್ಲ.

ಅದಕ್ಕೇ ಕೆಲಸ ಶುರುವಾಗುವುದು ಬಂದರು ಬಿಡುವ ಮೊದಲು, ಚಾರ್ಟ್ (ಸಮುದ್ರದ ನಕ್ಷೆ) ಮೇಲೆ. ಆ ಜಾಗಕ್ಕೆ ಸಿಗುವ ಅತಿ ವಿವರವಾದ ಚಾರ್ಟ್ ಹಡಗಿನಲ್ಲಿ ಇದೆಯಾ ನೋಡಿ. ಎಕ್ಡಿಸ್‌ನಲ್ಲಿ (ಕಂಪ್ಯೂಟರ್ ಚಾರ್ಟ್) ಸೇಫ್ಟಿ ಕಾಂಟೂರ್, ಅಂದರೆ ಸುರಕ್ಷಿತ ಆಳದ ಗೆರೆ, ನಿಮ್ಮ ಹಡಗಿನ ಡ್ರಾಫ್ಟ್‌ಗೆ (ನೀರೊಳಗೆ ಮುಳುಗಿರುವ ಆಳ) ತಕ್ಕಂತೆ ಇದೆಯಾ, ಹಿಂದಿನ ಪ್ರಯಾಣದ್ದೇ ಉಳಿದಿದೆಯಾ ನೋಡಿ. ಚಾರ್ಟ್‌ನಲ್ಲಿ ಆ ಜಾಗದ ಸರ್ವೆ ಗುಣಮಟ್ಟದ ದರ್ಜೆ ಝೋನ್ ಸಿ ಅಂತಿದ್ದರೆ ತೋರಿಸಿದ ಜಾಗವೇ 500 ಮೀಟರ್ ಆಚೀಚೆ ಇರಬಹುದು. ಒಂದೇ ಚಾರ್ಟ್ ನಂಬಬೇಡಿ. 2013ರ ಜನವರಿಯಲ್ಲಿ ಫಿಲಿಪೈನ್ಸ್‌ನ ತುಬ್ಬತಾಹಾ ದಿಬ್ಬಕ್ಕೆ ಅಮೆರಿಕ ನೌಕಾಪಡೆಯ ಗಾರ್ಡಿಯನ್ ಎಂಬ ಹಡಗು ಹತ್ತಿತು. ಅವರ ಡಿಜಿಟಲ್ ಚಾರ್ಟ್‌ನಲ್ಲಿ ಆ ದಿಬ್ಬ ಸುಮಾರು 8 ಮೈಲಿ ಬೇರೆ ಕಡೆ ಇತ್ತು. ಆದರೂ ಬೇರೆ ಚಾರ್ಟ್ ಜೊತೆ ಹೋಲಿಸಿದ್ದರೆ ಗೊತ್ತಾಗುತ್ತಿತ್ತು.

ನಿದ್ದೆ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ರೆಸ್ಟ್ ಅವರ್ಸ್ ಶೀಟ್‌ನಲ್ಲಿ ಸುಳ್ಳು ತುಂಬಬೇಡಿ. 2010ರ ಏಪ್ರಿಲ್ 3ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಶೆನ್ ನೆಂಗ್ 1 ಎಂಬ ಕಲ್ಲಿದ್ದಲು ಹಡಗು ಡಗ್ಲಾಸ್ ಶೋಲ್ ಎಂಬ ದಿಬ್ಬ ಹತ್ತಿದಾಗ, ವಾಚ್‌ನಲ್ಲಿದ್ದ ಚೀಫ್ ಮೇಟ್ (ಕ್ಯಾಪ್ಟನ್ ನಂತರದ ಅಧಿಕಾರಿ) ಹಿಂದಿನ ಸುಮಾರು 38 ಗಂಟೆಯಲ್ಲಿ ಎರಡೂವರೆ ಗಂಟೆ ಮಾತ್ರ ಮಲಗಿದ್ದರು. ಬದಲಾದ ದಾರಿಯನ್ನು ಜಿಪಿಎಸ್‌ಗೆ ಹಾಕಿರಲಿಲ್ಲ, ತಿರುಗಬೇಕಾದಲ್ಲಿ ಯಾವ ಅಲಾರಂ ಕೂಡ ಹೊಡೆಯಲಿಲ್ಲ. ದಿಬ್ಬದ ಮೇಲೆ ಸುಮಾರು 3 ಕಿಲೋಮೀಟರ್ ಉದ್ದದ ಗಾಯವಾಯಿತು. ಗಟ್ಟಿ ಹವಳದ ಎಷ್ಟೋ ಜಾತಿಗಳು ವರ್ಷಕ್ಕೆ ಬೆಳೆಯುವುದೇ ಒಂದೆರಡು ಸೆಂಟಿಮೀಟರ್, ಅಲ್ವಾ?

ವಾಚ್‌ನಲ್ಲಿ ಕಣ್ಣು ಹೊರಗೆ, ಫೋನ್ ಕ್ಯಾಬಿನ್‌ನಲ್ಲಿ. 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದಲ್ಲಿ ಐದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ ಹೋಗಿಬಿಡುತ್ತೀರಿ. ಜಿಪಿಎಸ್ ಜೊತೆ ರೇಡಾರ್ ದೂರ, ದಿಕ್ಸೂಚಿ ಬೇರಿಂಗ್ (ಗುರುತು ಇರುವ ದಿಕ್ಕಿನ ಕೋನ) ತೆಗೆದು ತಾಳೆ ನೋಡಿ. ಅಲಾರಂ ಬಂದರೆ ಓದದೆ ಒತ್ತಬೇಡಿ.

ಇನ್ನು ನಮ್ಮವರಿಗೆ ಕಷ್ಟವಾಗುವುದು ಬಾಯಿ ಬಿಡುವುದು. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ನಾವು, ಕ್ಯಾಪ್ಟನ್ ದಾರಿ ಬದಲಿಸಿದರೆ ಸುಮ್ನೆ ನಿಂತುಬಿಡುತ್ತೇವೆ. ವಕಾಶಿಯೊ ಹಡಗು 2020ರ ಜುಲೈನಲ್ಲಿ ಮಾರಿಷಸ್ ಹತ್ತಿರ ಮೊದಲು 22 ಮೈಲಿ ದೂರದಿಂದ ಹೋಗಬೇಕಿತ್ತು, ಅದು 5 ಆಯಿತು, ಆಮೇಲೆ ಮೊಬೈಲ್ ಸಿಗ್ನಲ್‌ಗಾಗಿ 2 ಮೈಲಿಗೆ ಇಳಿಸಲು ಹೊರಟರು. ದಿಬ್ಬ ಹತ್ತಿತು, ಸುಮಾರು 1,000 ಟನ್ ಎಣ್ಣೆ ಸಮುದ್ರಕ್ಕೆ ಹೋಯಿತು, ಅಲ್ಲಿನ ಮೀನುಗಾರರ ಅನ್ನಕ್ಕೇ ಕುತ್ತು ಬಂತು, ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಇಬ್ಬರಿಗೂ 20 ತಿಂಗಳ ಜೈಲು ಶಿಕ್ಷೆಯಾಯಿತು. ಹಾಗಾಗಿ ಗೌರವದಿಂದಲೇ, ಅಂಕಿ ಹಿಡಿದು ಹೇಳಿ: "ಸರ್, ಪ್ಲಾನ್‌ನಲ್ಲಿ 22 ಮೈಲಿ ಇತ್ತು, ಈಗ 5 ಇದೆ, ಇಷ್ಟು ಹತ್ತಿರಕ್ಕೆ ಬೇಕಾದ ಚಾರ್ಟ್ ನಮ್ಮಲ್ಲಿ ಇಲ್ಲ." ಕೇಳದಿದ್ದರೆ ಇನ್ನೊಮ್ಮೆ ಹೇಳಿ. ಇದು ಎದುರುತ್ತರ ಅಲ್ಲ, ನಿಮ್ಮ ಡ್ಯೂಟಿ.

ಅಕಸ್ಮಾತ್ ಹಡಗು ಹತ್ತಿಯೇಬಿಟ್ಟರೆ ಗಾಬರಿಯಲ್ಲಿ ಎಂಜಿನ್ ಫುಲ್ ಅಸ್ಟರ್ನ್ (ಪೂರ್ತಿ ಶಕ್ತಿಯಲ್ಲಿ ಹಿಂದಕ್ಕೆ) ಕೊಟ್ಟು ಎಳೆಯಲು ಹೋಗಬಾರದು, ತಳ ಇನ್ನೂ ಹರಿಯಬಹುದು, ಹವಳ ಇನ್ನೂ ಪುಡಿಯಾಗುತ್ತದೆ. ಎಂಜಿನ್ ನಿಲ್ಲಿಸಿ, ಜನರಲ್ ಅಲಾರಂ ಕೊಡಿ, ನೀರು ನುಗ್ಗದಂತೆ ತಡೆಯುವ ವಾಟರ್‌ಟೈಟ್ ಬಾಗಿಲು ಮುಚ್ಚಿ. ಕ್ಯಾಡೆಟ್‌ಗೆ ಸಾಮಾನ್ಯವಾಗಿ ಸಿಗುವ ಕೆಲಸ ಟ್ಯಾಂಕ್‌ಗಳೊಳಗಿನ ಮಟ್ಟ ಮತ್ತು ಹಡಗಿನ ಸುತ್ತಲ ನೀರಿನ ಆಳ ಅಳೆಯುವುದು, ಅದನ್ನು ಹೊತ್ತಿನ ಸಮೇತ ಬರೆದುಕೊಳ್ಳಿ. ಉಬ್ಬರ ಯಾವಾಗ ಅಂತ ನೋಡಿ. ದಡದ ಅಧಿಕಾರಿಗಳಿಗೆ ತಡಮಾಡದೆ ತಿಳಿಸಬೇಕು. ವಿಡಿಆರ್ (ವಿಮಾನದ ಬ್ಲ್ಯಾಕ್ ಬಾಕ್ಸ್ ತರಹದ ಯಂತ್ರ) ರೆಕಾರ್ಡಿಂಗ್ ಸೇವ್ ಆಯಿತಾ ಅಂತ ಕೇಳಿ, ಇಲ್ಲದಿದ್ದರೆ ಅದರ ಮೇಲೆ ಹೊಸದು ಬರೆದುಹೋಗುತ್ತದೆ. ಲಾಗ್‌ಬುಕ್‌ನಲ್ಲಿ ಆದದ್ದನ್ನು ಆದ ಹಾಗೇ ಬರೆಯಿರಿ, ಯಾರು ಹೇಳಿದರೂ ತಿದ್ದಬೇಡಿ.