ಮದುವೆ ಕೋಟಿನ ಒಳಗೆ ಏನಿದೆ? ನನ್ನ ಅನುಭವ

ಮದುವೆಗೆ ಪರಿಸರಸ್ನೇಹಿ ಕೋಟು ಹುಡುಕುತ್ತಿದ್ದರೆ ಹೊರಗಿನ ಬಟ್ಟೆ ನೋಡಿ ಮರುಳಾಗಬೇಡಿ. ಒಳಗೆ ಹೊಲಿದಿರುವ ಚೀಟಿ ಓದಿ. ನಾನು ನೋಡಿದ ಎಷ್ಟೋ ಲಿನನ್ ಕೋಟುಗಳಿಗೆ ಪಾಲಿಯೆಸ್ಟರ್ ಲೈನಿಂಗ್, ಪ್ಲಾಸ್ಟಿಕ್ ಗುಂಡಿ. ಎದೆಯ ಭಾಗ ಗಟ್ಟಿಯಾಗಿ ನಿಲ್ಲಲಿ ಎಂದು ಒಳಗೊಂದು ಪದರವನ್ನು ಅಂಟಿಸಿರುತ್ತಾರೆ. ಆ ಅಂಟು ಬಿಟ್ಟರೆ ಬಟ್ಟೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಆಮೇಲೆ ಸರಿಮಾಡುವುದು ಕಷ್ಟ. ಅಂಟಿಸುವ ಬದಲು ಕ್ಯಾನ್ವಾಸ್ ಬಟ್ಟೆಯ ಪದರ ಇಟ್ಟು ಹೊಲಿದ ಕೋಟಿಗೆ ಈ ಗೋಳಿಲ್ಲ.

ಬಿದಿರಿನ ಬಟ್ಟೆ ಎಂದು ತೋರಿಸಿದ್ದೂ ಉಂಟು. ಮುಟ್ಟಿದರೆ ಬೆಣ್ಣೆಯ ಹಾಗೆ. ಆದರೆ ಅಷ್ಟು ಮೆತ್ತಗಿದ್ದರೆ ಅದು ಸಾಮಾನ್ಯವಾಗಿ ವಿಸ್ಕೋಸ್. ಬಿದಿರಿನ ತಿರುಳನ್ನು ಕರಗಿಸಿ ಎಳೆ ತೆಗೆಯಲು ಕಾರ್ಬನ್ ಡೈಸಲ್ಫೈಡ್ ಎಂಬ ವಿಷ ಬೇಕು. ಅದಕ್ಕಿಂತ ಲಯೋಸೆಲ್ ವಾಸಿ, ಅದೂ ಮರದ ತಿರುಳಿನಿಂದ ತೆಗೆದ ಎಳೆಯೇ. ಅದರಲ್ಲಿ ಬಳಸುವ ದ್ರಾವಕದ ಶೇ 99ರಷ್ಟನ್ನು ವಾಪಸ್ ಹಿಡಿದು ಮತ್ತೆ ಬಳಸುತ್ತಾರೆ.

ಪ್ರಮಾಣಪತ್ರಗಳಲ್ಲೂ ವ್ಯತ್ಯಾಸ ಇದೆ. ಜಿಒಟಿಎಸ್ (ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ) ಮುದ್ರೆಯ ಜೊತೆ ‘ಆರ್ಗ್ಯಾನಿಕ್’ ಎಂದು ಬರೆಯಬೇಕಾದರೆ ಕನಿಷ್ಠ ಶೇ 95ರಷ್ಟು ಸಾವಯವ ನಾರು ಇರಬೇಕು. ಶೇ 70 ಇದ್ದರೆ ‘ಸಾವಯವ ನಾರು ಬಳಸಿ ಮಾಡಿದ್ದು’ ಎನ್ನಬಹುದು. ಓಎಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ಬೇರೆಯೇ ಲೆಕ್ಕ. ಅದು ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಉಳಿದಿದೆಯೇ ಎಂದು ಪರೀಕ್ಷಿಸುತ್ತದೆ, ಅಷ್ಟೇ. ಪಾಲಿಯೆಸ್ಟರ್‌ಗೂ ಸಿಗುತ್ತದೆ.

ಕೊನೆಗೆ ನಾನು ತೆಗೆದುಕೊಂಡಿದ್ದು ಯಾರೋ ಹಾಕಿ ಬಿಟ್ಟ ಉಣ್ಣೆಯ ಕೋಟು. ಬಣ್ಣ ಕಡು ನೀಲಿ, ಬೇಕೆಂದೇ ಆರಿಸಿದ್ದು. ಮದುವೆ ಮುಗಿದ ಮೇಲೆ ಆಫೀಸಿಗೂ ನಡೆಯಬೇಕಲ್ವಾ? ಚೀಟಿ ಹರಿದುಹೋಗಿತ್ತು. ಹಾಗಾಗಿ ಒಳಹೊಲಿಗೆಯ ಅಂಚಿನ ಬಟ್ಟೆಯಿಂದ ಒಂದೆಳೆ ಕಿತ್ತು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಹತ್ತಿ, ಲಿನನ್ ಆದರೆ ಕಾಗದ ಸುಟ್ಟ ವಾಸನೆ.

ಹಳೇ ಕೋಟು ಕೊಳ್ಳುವಾಗ ಭುಜ ಒಂದನ್ನು ಸರಿಯಾಗಿ ನೋಡಿ. ಸೊಂಟ ಬಿಗಿ ಮಾಡಬಹುದು, ತೋಳು ಗಿಡ್ಡ ಮಾಡಬಹುದು. ಭುಜ ಬಿಚ್ಚಿದರೆ ಕೋಟು ಪೂರ್ತಿ ಬಿಚ್ಚಿದ ಹಾಗೆ. ಸಡಿಲಿಸಬೇಕಿದ್ದರೆ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ಮೊದಲೇ ನೋಡಬೇಕು.

ಲೈನಿಂಗ್ ಹರಿದಿತ್ತು, ಹೊಸದು ಹಾಕಿಸಿದೆ. ನಾನು ಹತ್ತಿ ಕೇಳಿದೆ. ಟೈಲರ್ ಸುಮ್ನೆ ನಕ್ಕರು. “ಮೈಗೆ ಹತ್ತಿ ಹಾಕೋಣ. ತೋಳಿಗೆ ಬೇಡ, ಶರ್ಟು ಸಿಕ್ಕಿಹಾಕಿಕೊಳ್ಳುತ್ತದೆ, ಕೈ ಒಳಗೆ ಹೋಗಲ್ಲ” ಎಂದರು. ತೋಳಿಗೆ ಕ್ಯೂಪ್ರೊ ಹಾಕಿದೆವು. ಅದು ಹತ್ತಿ ಬೀಜಕ್ಕೆ ಅಂಟಿಕೊಂಡ ಸಣ್ಣ ನಾರಿನಿಂದ ಮಾಡಿದ್ದು, ನುಣ್ಣಗೆ ಜಾರುತ್ತದೆ. ಗುಂಡಿ ತೆಂಗಿನ ಚಿಪ್ಪಿನದು.

ಡ್ರೈಕ್ಲೀನಿಂಗ್‌ಗೆ ಕೊಡಲಿಲ್ಲ. ಅಲ್ಲಿ ಪರ್ಕ್ಲೋರೋಎಥಿಲೀನ್ ಎಂಬ ಹಾನಿಕರ ದ್ರಾವಕ ಬಳಸುವುದು ಜಾಸ್ತಿ. ನೆರಳಲ್ಲಿ ಗಾಳಿಗೆ ತೂಗುಹಾಕಿ, ಬ್ರಷ್ ಮಾಡಿ, ಹಬೆ ಹಿಡಿದೆ. ಉಣ್ಣೆಗೆ ಅಷ್ಟು ಸಾಕು.

ಶೂ ಅಣ್ಣನದು. ಪ್ರಾಣಿಯ ಚರ್ಮವಲ್ಲ ಎಂಬ ಅರ್ಥದಲ್ಲಿ ‘ವೀಗನ್ ಲೆದರ್’ ಎಂದು ಮಾರುವುದನ್ನು ನೋಡಿದ್ದೆ, ಅದು ಹೆಚ್ಚಾಗಿ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್. ಅದಕ್ಕೆ ದುಡ್ಡು ಕೊಡಲು ಮನಸ್ಸಾಗಲಿಲ್ಲ.