ರೇಕ್ಯಾವಿಕ್‌ನಲ್ಲಿ ರೂಮು ಬುಕ್ ಮಾಡುವ ಮುಂಚೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಬೆಳೆದವರು ಐಸ್‌ಲ್ಯಾಂಡ್ ಅಂದ ಕೂಡಲೇ ಹೆದರುವುದು ಚಳಿಗೆ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕೆ ಒಳ್ಳೇ ಜಾಕೆಟ್ ಸಾಕು. ಕಾಡುವುದು ಗಾಳಿ. ಛತ್ರಿ ತಿರುಗುಮುರುಗಾಗುವ ಆ ಗಾಳಿಯಲ್ಲಿ, ಹಿಮಗಟ್ಟಿದ ಫುಟ್‌ಪಾತಿನ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಎಷ್ಟು ದೂರ ನಡೆಯಬೇಕು ಎಂಬುದೇ ಮೊದಲ ಲೆಕ್ಕ. ಸುಮಾರು 1.4 ಲಕ್ಷ ಜನರ ಊರು, ಎಲ್ಲಿ ಉಳಿದರೇನು ಅನ್ನಬೇಡಿ. ಸ್ಟಾರ್ ಆಮೇಲೆ, ಮೊದಲು ಪಿನ್‌ಕೋಡ್ ನೋಡಿ.

101 ಅಂದರೆ ಹಳೇ ಊರು. ಅಂಗಡಿಗಳ ಲೋಯ್ಗಾವೇಗುರ್ ರಸ್ತೆ, ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚು, ಬಂದರು ಎಲ್ಲ ಇಲ್ಲೇ. ಕಾರಿಲ್ಲದವರಿಗೆ ಇದೇ ಸರಿ. ಆದರೆ ದೊಡ್ಡ ಟೂರ್ ಬಸ್ಸುಗಳನ್ನು ಇಲ್ಲಿನ ಕಿರಿದಾದ ಬೀದಿಗಳಿಗೆ ಬಿಡುವುದಿಲ್ಲ. ಹೋಟೆಲ್ ಬಾಗಿಲಿಗೆ ಗಾಡಿ ಬರುತ್ತದೆ ಎಂದು ಕಾಯುತ್ತಾ ನಿಂತರೆ ಟೂರ್ ತಪ್ಪುತ್ತದೆ. ನಂಬರ್ ಹಾಕಿದ ಬಸ್ ಸ್ಟಾಪುಗಳಿವೆ, ಚರ್ಚಿನ ಹತ್ತಿರದ್ದು 8ನೇ ನಂಬರ್. ರೂಮಿನಿಂದ ನಿಮ್ಮ ಸ್ಟಾಪಿಗೆ 400 ಮೀಟರ್ ದಾಟದಂತೆ ನೋಡಿಕೊಳ್ಳಿ. ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಅಂದರೆ ನಾರ್ದರ್ನ್ ಲೈಟ್ಸ್ ನೋಡಿ ನಡುರಾತ್ರಿ ದಾಟಿದ ಮೇಲೆ ವಾಪಸಾಗುವಾಗ ಇದರ ಬೆಲೆ ಗೊತ್ತಾಗುತ್ತದೆ.

ಶುಕ್ರವಾರ, ಶನಿವಾರ ರಾತ್ರಿ ಲೋಯ್ಗಾವೇಗುರ್‌ನ ಕೆಳಭಾಗದ ಬಾರುಗಳ ಗದ್ದಲ ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಉಳಿಯುವುದಾದರೆ ಹಿತ್ತಲ ಕಡೆಯ ರೂಮು ಕೇಳಿ, ಇಲ್ಲವೇ 101ರೊಳಗೇ ಇರುವ ಥಿಂಗ್‌ಹೋಲ್ಟ್ ಕಡೆ ಹುಡುಕಿ. ಅದು ಮನೆಗಳ ಬಡಾವಣೆ, ಶಾಂತ.

105ರಲ್ಲಿ ಮೋಸ ಹೋಗುವವರು ಹೆಚ್ಚು. ಅದೇ ಪಿನ್‌ಕೋಡಿನಲ್ಲಿ ಹ್ಲೆಮ್ಮುರ್ ಚೌಕ ಇದೆ, ಅಲ್ಲಿಂದ ಪೇಟೆ ಮಧ್ಯಕ್ಕೆ ಇಪ್ಪತ್ತು ನಿಮಿಷದೊಳಗೆ ನಡೆದು ಸೇರಬಹುದು. ದೊಡ್ಡ ಈಜುಕೊಳ ಇರುವ ಲೋಯ್ಗರ್ದಾಲುರ್ ಕೂಡ ಅದರಲ್ಲೇ, ಅಲ್ಲಿಂದ ಪೇಟೆ ಮಧ್ಯಕ್ಕೆ ಸುಮಾರು ಮೂರು ಕಿಲೋಮೀಟರ್. ಮ್ಯಾಪಿನಲ್ಲಿ ಅಳೆಯದೆ ದುಡ್ಡು ಕಟ್ಟಬೇಡಿ. 107 ನೆಮ್ಮದಿಯ ಜಾಗ, ಹೋಟೆಲ್ ಕಮ್ಮಿ. ಕೋಪವೋಗುರ್, ಹಾಪ್ನರ್‌ಫ್ಯೋರ್ದುರ್ ಬೇರೆಯೇ ಊರುಗಳು. ಕಾರಿದ್ದರೆ ಮಾತ್ರ ಅತ್ತ ಹೋಗಿ. ಕಾರಿಟ್ಟುಕೊಂಡು 101ರಲ್ಲಿ ಉಳಿಯುವುದಂತೂ ದಂಡ: ಪಾರ್ಕಿಂಗಿಗೆ ಹಣ ತೆರಬೇಕು, ಜಾಗವೂ ಸಿಗದು. ಊರು ನೋಡಿ ಮುಗಿಸಿ, ಊರಾಚೆ ಹೊರಡುವ ದಿನ ಕಾರು ಬಾಡಿಗೆಗೆ ತಗೊಳ್ಳಿ.

‘ರೇಕ್ಯಾವಿಕ್ ಏರ್‌ಪೋರ್ಟ್ ಹತ್ತಿರ’ ಎಂದು ಬರೆದ ಹೋಟೆಲಿಗೆ ಮರುಳಾಗಬೇಡಿ. ಊರೊಳಗಿನ ಆ ಏರ್‌ಪೋರ್ಟು ಮುಖ್ಯವಾಗಿ ದೇಶದೊಳಗಿನ ವಿಮಾನಗಳದು. ನೀವು ಇಳಿಯುವುದು ಕೆಫ್ಲಾವಿಕ್‌ನಲ್ಲಿ, ಸುಮಾರು 50 ಕಿಲೋಮೀಟರ್ ದೂರ, ಬಳ್ಳಾರಿಯಿಂದ ಹೊಸಪೇಟೆಗಿಂತ ತುಸು ಕಡಿಮೆ. ಅನೇಕ ಗೆಸ್ಟ್‌ಹೌಸುಗಳಲ್ಲಿ ರಿಸೆಪ್ಷನ್ ಇರುವುದಿಲ್ಲ, ಬಾಗಿಲಿನ ಕೋಡ್ ಇಮೇಲಿಗೆ ಬರುತ್ತದೆ. ರೋಮಿಂಗ್ ಇಲ್ಲದಿದ್ದರೆ ಬಾಗಿಲ ಮುಂದೆ ನಿಂತು ಪೇಚಾಡಬೇಕು. ಏರ್‌ಪೋರ್ಟಿನ ವೈಫೈ ಇರುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇನ್ನು ಅಡುಗೆಮನೆ. ಹೊರಗಿನ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಹಾಗಾಗಿ ಚಿಕ್ಕ ರೂಮಾದರೂ ಪರವಾಗಿಲ್ಲ, ಅಡುಗೆಮನೆ ಇರಲಿ. ‘ಕಿಚನೆಟ್’ ಎಂದು ಬರೆದಿದ್ದರೆ ಸಾಲದು, ಕೆಲವು ಕಡೆ ಅದು ಬರೀ ಕೆಟಲ್, ಮೈಕ್ರೋವೇವ್. ಫೋಟೋದಲ್ಲಿ ಒಲೆ ಕಾಣಬೇಕು. ಅದು ಕರೆಂಟಿನ ಒಲೆ, ಬೆಂಕಿಯ ಮೇಲೆ ಪುಲ್ಕಾ ಉಬ್ಬಿಸುವ ಆಟ ನಡೆಯದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಹೊಗೆ ಅಲಾರಾಂ ಹೊಡೆದುಕೊಂಡರೆ ಇಡೀ ಕಟ್ಟಡ ಎದ್ದು ಕೂರುತ್ತದೆ. ಎಣ್ಣೆ ಕಾಯಿಸುವ ಮುಂಚೆಯೇ ಚಿಮಣಿ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ; ಅಲಾರಾಂಗೆ ಬಟ್ಟೆ ಕಟ್ಟುವ ಉಪಾಯ ಮಾತ್ರ ಬೇಡ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಒಯ್ದರೆ ಅರ್ಧ ಅಡುಗೆ ಮುಗಿಯಿತು. ತುಪ್ಪ, ಪೇಡೆಯಂಥ ಹಾಲಿನ ಪದಾರ್ಥವನ್ನು ಭಾರತದಿಂದ ಒಯ್ಯುವಂತಿಲ್ಲ. ಉಳಿದ ಸಾಮಾನಿಗೆ ಬೋನಸ್, ಕ್ರೋನನ್ ಅಂಗಡಿಗಳು ಅಗ್ಗ.

ಬಿಸಿನೀರಿನ ನಲ್ಲಿ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬಂದೀತು. ಕೊಳಾಯಿ ಕೆಟ್ಟಿಲ್ಲ, ಭೂಗರ್ಭದ ಶಾಖದಿಂದ ಬರುವ ನೀರಿನಲ್ಲಿ ಗಂಧಕದ ಅಂಶ ಇರುತ್ತದೆ. ಅದೇ ಕಾರಣಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ ತೆಗೆಯದವರು ಉಜ್ಜಿದರೆ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಿ. ಚಹಾಕ್ಕೆ, ಅಡುಗೆಗೆ ತಣ್ಣೀರಿನ ನಲ್ಲಿಯ ನೀರೇ ಹಿಡಿಯಿರಿ. ಅದು ಶುದ್ಧ, ಬಾಟಲಿ ನೀರಿಗೆ ದುಡ್ಡು ಸುರಿಯಬೇಕಿಲ್ಲ.

ಜೂನ್‌ನಲ್ಲಿ ಹೋಗುವವರು ಕತ್ತಲೆ ಪರದೆ ಇದೆಯೇ ಎಂದು ಕೇಳಿ. ಸೂರ್ಯ ಮುಳುಗುವುದೇ ನಡುರಾತ್ರಿಯ ಹೊತ್ತಿಗೆ, ಮೂರು ಗಂಟೆಗೆ ಮತ್ತೆ ಹಾಜರ್.

ಕೊನೆಗೆ ವೀಸಾ. ಐಸ್‌ಲ್ಯಾಂಡ್ ಶೆಂಗೆನ್ ದೇಶ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಲ್ಲೊಂದು; ಅರ್ಜಿಯ ಜೊತೆ ಉಳಿಯುವ ಪ್ರತಿ ರಾತ್ರಿಗೂ ಬುಕಿಂಗ್ ತೋರಿಸಬೇಕು. ಹಣ ವಾಪಸಾಗದ ಅಗ್ಗದ ದರಕ್ಕೆ ಆಸೆಪಟ್ಟರೆ, ವೀಸಾ ತಡವಾದಾಗ ಪೂರ್ತಿ ಕಳೆದುಕೊಳ್ಳುತ್ತೀರಿ. ಉಚಿತ ಕ್ಯಾನ್ಸಲೇಶನ್ ಇರುವ ರೂಮನ್ನೇ ಹಿಡಿಯಿರಿ, ಕ್ಯಾನ್ಸಲ್ ಮಾಡುವ ಕಡೇ ದಿನವನ್ನು ಫೋನಿನಲ್ಲಿ ಗುರುತು ಹಾಕಿಡಿ.