ಹೊಲದಾಗಿನ ಮಣ್ಣಿನ ಒಡ್ಡು ಮಳಿಗಾಲದಾಗ ಒಡೀಬಾರ್ದಂದ್ರ

ನಮ್ಮ ಕಲಬುರಗಿ ಕಡೆ ನಾಲಾಕ್ಕ ಅಡ್ಡ ಸ್ವಂತ ರೊಕ್ಕದಾಗ ಮಣ್ಣಿನ ಒಡ್ಡು ಕಟ್ಟಿಸ್ಕೊಂಡವ್ರು ಇದ್ದಾರ, ಆದ್ರ ಕಟ್ಟಿದ ಮ್ಯಾಲ ತಿರುಗಿ ನೋಡೋರು ಕಮ್ಮಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದಿ 15 ಮೀಟರ್‌ಗಿಂತ ಎತ್ತರದವಕ್ಕ, ಮತ್ತ ಕೆಲವು ಷರತ್ತಿನ ಮ್ಯಾಲ 10 ರಿಂದ 15 ಮೀಟರಿನವಕ್ಕ ಅಷ್ಟ, ನಮ್ಮ ಎರಡಾಳೆತ್ತರದ ಒಡ್ಡು ಅದರಾಗ ಬರಂಗಿಲ್ಲ, ಹಂಗಾಗಿ ನಾವೇ ನೋಡ್ಕೋಬೇಕ್ರಿ, ಕೆಳಗ ಯಾರದಾದ್ರೂ ಮನಿ ಇದ್ರಂತೂ ಬಿಡೋಹಂಗೇ ಇಲ್ಲ.

ಕೆಲಸ ಮೇ ತಿಂಗಳದಾಗೇ ಶುರು ಮಾಡ್ರಿ. ಎರಿ ಮಣ್ಣು ಬ್ಯಾಸಗ್ಯಾಗ ಬಿರೀತದ, ಉದ್ದಕ್ಕ ಬಿರಿದದ್ದಕ್ಕಿಂತ ನೀರಿನ ಕಡಿಂದ ಹಿಂದಿನ ಕಡಿಗೆ ಅಡ್ಡ ಬಿರಿದದ್ದು ಭಾಳ ಡೇಂಜರ್, ಯಾಕಂದ್ರ ಮೊದಲ ದೊಡ್ಡ ಮಳಿ ನೀರು ಅದರಾಗೇ ದಾರಿ ಮಾಡ್ಕೋತದ. ಮ್ಯಾಲ ಒಂದು ಬುಟ್ಟಿ ಮಣ್ಣು ಹಾಕಿ ಮುಚ್ಚಿದ್ರ ಉಪಯೋಗಿಲ್ಲ. ಬಿರುಕಿನಾಗ ಸುಣ್ಣದ ನೀರು ಹಾಕ್ರಿ, ಬಿಳಿ ಗೆರಿ ಎಲ್ಲಿತನ ಕಾಣ್ತದೋ ಅಲ್ಲಿತನ ಅಗೀರಿ, ಆಮ್ಯಾಲ ಹಸಿ ಮಣ್ಣು ಅರ್ಧರ್ಧ ಅಡಿ ಹಾಕಿ ಕುಟ್ಕೋತ ಬರ್ರಿ. ಮಣ್ಣು ಮುಷ್ಟಿ ಹಿಡಿದ್ರ ಉಂಡಿ ಆಗ್ಬೇಕು, ಅಂಗೈಗೆ ಮೆತ್ಕೋಬಾರ್ದು. ಒಡ್ಡಿನ ತಲಿ ಮ್ಯಾಲ ಮುರುಮ್ (ಗರಸು ಮಣ್ಣು) ಹಾಸಿದ್ರ ಮತ್ತ ಬಿರಿಯೋದು ಕಮ್ಮಿ ಆಗ್ತದ. ಹೆಗ್ಗಣದ ಬಿಲಾನೂ ಹಿಂಗೇ ಅಗದು ತುಂಬ್ರಿ. ಜಾಲಿ ಗಿಡ ಸಣ್ಣದಿದ್ದಾಗೇ ಕಿತ್ತಿಬಿಡ್ರಿ, ದೊಡ್ಡದಾದ ಮ್ಯಾಲ ಬರೇ ಕಡದ್ರ ಬೇರು ಒಳಗ ಕೊಳೆತು ಪೈಪಿನಂಗ ಆಗ್ತದ.

ಇನ್ನ ಕೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿಗೆ ಉಸುಕಿನ ಚೀಲ ಇಡೋದು, ಮೀನು ಹೋಗಬಾರ್ದಂತ ಬಲಿ ಕಟ್ಟೋದು, ದಯಮಾಡಿ ಮಾಡಬ್ಯಾಡ್ರಿ. 2020ರ ಅಕ್ಟೋಬರ್‌ದಾಗ ಚಿತ್ತಾ ಮಳಿ ಸುರದದ್ದು ನೆನಪದಲ್ಲ, ಅಂಥಾ ಮಳ್ಯಾಗ ನೀರು ಮಣ್ಣಿನೊಡ್ಡಿನ ತಲಿ ಮ್ಯಾಲ ಹರದ್ರ ಸ್ವಲ್ಪ ಹೊತ್ನ್ಯಾಗೇ ಕೊಚ್ಚಿ ಹೋಗ್ತದ. ಕೋಡಿಗಿಂತ ಒಡ್ಡಿನ ತಲಿ ಒಂದ್ ಮೂರಡಿ ಮ್ಯಾಲಿರ್ಲಿ. ದನ, ಟ್ರ್ಯಾಕ್ಟರ್ ಓಡಾಡಿ ತಗ್ಗು ಬಿದ್ದಿರ್ತದ, ಕಣ್ಣಿಗೆ ಗೊತ್ತಾಗಂಗಿಲ್ಲ, ಗೌಂಡಿಗೋಳು ಮಟ್ಟ ನೋಡೋ ನೀರಿನ ಪೈಪ್ ಹಿಡಿದು ಚೆಕ್ ಮಾಡ್ರಿ.

ನೀರು ತುಂಬಿದ ಮ್ಯಾಲ ಹಿಂದಿನ ಬುಡಕ್ಕ ವಾರಕ್ಕೊಮ್ಮೆ, ಮಳಿ ಜೋರಿದ್ರ ದಿನಾ ಹೋಗಿ ನೋಡ್ರಿ. ಜಿನುಗೋ ನೀರನ್ನ ಗಾಜಿನ ಬಾಟ್ಲಿಯಾಗ ಹಿಡೀರಿ. ತಿಳಿ ಇದ್ದು ಅಷ್ಟೇ ಬರ್ಲಿಕತ್ತಿದ್ರ ಗಾಬರಿ ಬ್ಯಾಡ. ಕದಡಿ ಬಂತು, ಇಲ್ಲಾ ಒಮ್ಮೆಲೇ ಜಾಸ್ತಿ ಆಯ್ತು ಅಂದ್ರ ಒಳಗ ಮಣ್ಣು ಹೊಂಟದ ಅಂತ ಅರ್ಥ. ಅಲ್ಲಿ ಜೇಡಿಮಣ್ಣು, ತಾಡಪತ್ರಿ ತುರುಕಬ್ಯಾಡ್ರಿ, ನೀರು ಬ್ಯಾರೆ ಕಡೆ ಒಡೀತದ. ಮೊದಲು ಉಸುಕು, ಅದರ ಮ್ಯಾಲ ಸಣ್ಣ ಜಲ್ಲಿ, ಅದರ ಮ್ಯಾಲ ದೊಡ್ಡ ಕಲ್ಲು ಹಾಕ್ರಿ, ನೀರು ಹೋಗ್ಲಿ ಮಣ್ಣು ನಿಲ್ಲಲಿ. ಜೊತಿಗೇ ಪಂಪ್ ಹಚ್ಚಿ ನೀರು ಇಳಸ್ರಿ.

ಆದ್ರ ಒಡ್ಡು ಕುಸೀಲಿಕತ್ತದ, ಇಲ್ಲಾ ತಲಿ ಮ್ಯಾಲ ನೀರು ಬಂದದ ಅಂದ್ರ ಕಲ್ಲು, ಪಂಪ್ ಎಲ್ಲಾ ಬಿಟ್ಟು ದೂರ ಸರೀರಿ, ಕೆಳಗಿನವ್ರಿಗೆ ಫೋನ್ ಮಾಡ್ರಿ, 112ಕ್ಕೂ ಮಾಡ್ರಿ. ಕೆಳಗಿನವ್ರ ನಂಬರ್ ಇವತ್ತೇ ಇಸ್ಕೊಂಡು ಇಟ್ಕೊರ್ರಿ, ಮತ್ತ ರಾತ್ರಿ ಮಳ್ಯಾಗ ಬ್ಯಾಟ್ರಿ ಹಿಡ್ಕೊಂಡು ಒಬ್ರೇ ಒಡ್ಡಿನ ಮ್ಯಾಲ ಹೋಗಬ್ಯಾಡ್ರಿ.